ನಾಲ್ಕು ಬೆರಳು ಹೆಚ್ಚಿನ ಮೊಳ

ಹೊಸ ಸೊಸೆ ಮನೆಗೆ ಬಂದರೆ ಯಾರಾದರೂ ಮೊದಲು ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಾರೆ. ನಮ್ಮತ್ತೆ ಮಲ್ಲಕ್ಕ ನನ್ನನ್ನು ಕರೆದುಕೊಂಡು ಹೋದದ್ದು ಮಾರ್ಕೆಟ್ಟಿಗೆ. ಅದು ತೊಂಬತ್ತಮೂರನೇ ಇಸವಿ. ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ, ಕಾಲುಂಗುರ ಒತ್ತಿ ಬೆರಳು ನೋಯುತ್ತಿತ್ತು. ಬೆಳಕು ಹರಿಯುವ ಮುಂಚೆ ಎಬ್ಬಿಸಿ, ತಲೆ ಬಾಚಿಸಿ, ಚಿತ್ರದುರ್ಗದ ಬೀದಿಯಲ್ಲಿ ಬಿರಬಿರನೆ ನಡೆಸಿಕೊಂಡು ಹೋದರು. ನಾನು ಹೊಸದುರ್ಗ ತಾಲ್ಲೂಕಿನ ಒಂದು ಸಣ್ಣ ಊರಿನವಳು. ಮಾರ್ಕೆಟ್ಟು ಎಂದರೆ ಬಯಲಲ್ಲಿ ಗೋಣಿಚೀಲ ಹಾಸಿಕೊಂಡು ಕೂರುವ ಸಂತೆ ಎಂದೇ ತಿಳಿದಿದ್ದೆ.

ಹೋಗಿ ನೋಡಿದರೆ ಅದೊಂದು ಅರಮನೆ. ಕಲ್ಲಿನ ಕಮಾನಿನ ಬಾಗಿಲು, ಒಳಗೆ ಸಾಲು ಸಾಲು ಕಲ್ಲುಕಂಬ, ಕತ್ತೆತ್ತಿದರೂ ಸರಿಯಾಗಿ ಕಾಣದಷ್ಟು ಎತ್ತರದ ಹೆಂಚಿನ ಮಾಡು. ಅಲ್ಲಲ್ಲಿ ಹೆಂಚಿನ ಬದಲು ಗಾಜು ಕೂರಿಸಿದ್ದರು. ಬಾಗಿಲ ಹೊರಗೆ ಕುದುರೆಗಳಿಗೆ ನೀರು ಕುಡಿಸಲು ಕಡೆದಿಟ್ಟ ಕಲ್ಲಿನ ತೊಟ್ಟಿ. ನಾನು ಬಂದ ಕಾಲಕ್ಕೆ ಅದರಲ್ಲಿ ಕುದುರೆ ನೀರು ಕುಡಿಯುತ್ತಿರಲಿಲ್ಲ, ಸೊಪ್ಪಿನವರು ಕೊತ್ತಂಬರಿ ಅದ್ದುತ್ತಿದ್ದರು. ಕಮಾನಿನ ಮೇಲೆ ಕಟ್ಟಿಸಿದವರ ಹೆಸರೋ ಇಸವಿಯೋ ಏನೋ ಕೊರೆದಿದ್ದರು. ವರ್ಷವರ್ಷ ಸುಣ್ಣ ಬಳಿದು ಬಳಿದು ಅದು ಮುಚ್ಚಿಹೋಗಿತ್ತು. ನಾನು ಬಾಯಿ ತೆರೆದುಕೊಂಡು ನೋಡುತ್ತಾ ನಿಂತೆ.

"ಆಮೇಲ್ ನೋಡೀಯಂತೆ ಬಾ, ಇದೇನ್ ಓಡಿ ಹೋಗಲ್ಲ" ಎಂದು ಅತ್ತೆ ಕೈ ಹಿಡಿದು ಎಳೆದರು. ಮೂಡಲ ಬಾಗಿಲಿಂದ ಒಳಗೆ ಬಂದರೆ ಎಡಕ್ಕೆ ಮೂರನೇ ಕಂಬ. ಅದರ ಬುಡದಲ್ಲಿ ಒಂದು ಗೋಣಿತಟ್ಟು, ಒಂದು ಬೆತ್ತದ ಬುಟ್ಟಿ. ಕಂಬದ ಕೆಳಭಾಗದಲ್ಲಿ ಒಂದು ಕಡೆ ಕಲ್ಲು ಎಣ್ಣೆ ಹಚ್ಚಿದಂತೆ ಮಿರಮಿರ ಮಿನುಗುತ್ತಿತ್ತು. ಅತ್ತೆ ಬೆನ್ನು ಒರಗಿಸಿ ಒರಗಿಸಿ ಆದ ನುಣುಪು ಅದು.

"ಕೈ ಮುಗಿ" ಅಂದರು.

"ಯಾವ ದೇವ್ರಿಗೆ ಅತ್ತೆ?"

"ಕಂಬಕ್ಕೆ. ನಿನ್ ಗಂಡನ್ನ ಸಾಕಿದ್ದು ಇದೇ."

ಮುಗಿದೆ. ಪಕ್ಕದ ಕಂಬದ ಬುಡದಲ್ಲಿ ಕನಕಾಂಬರ ಕಟ್ಟುತ್ತಾ ಕೂತಿದ್ದ ಕುಳ್ಳನೆಯ ಹೆಂಗಸೊಬ್ಬರು ಗೊಳ್ಳನೆ ನಕ್ಕರು. ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಬಾಯಲ್ಲಿ ಎಲೆಅಡಿಕೆ. ಅವರೇ ಕೊಟ್ರಮ್ಮ. "ಲೇ ಮಲ್ಲಿ, ಸೊಸೆ ಕೈನೂ ಅಳತೆ ನೋಡಿ ತಂದ್ಯೇನೆ? ಎಲ್ಲಿ, ಚಾಚವ್ವ ನೋಡಾಣ" ಅಂದರು. ನಾನು ಪೆಚ್ಚುಪೆಚ್ಚಾಗಿ ಕೈ ಚಾಚಿದೆ. ಕೊಟ್ರಮ್ಮ ತಮ್ಮ ಕೈಯನ್ನು ನನ್ನ ಕೈಗೆ ತಾಗಿಸಿ ಹಿಡಿದರು. ಮೊಣಕೈಗೆ ಮೊಣಕೈ, ಬೆರಳಿನ ತುದಿಗೆ ಬೆರಳಿನ ತುದಿ ಸರಿಯಾಗಿ ಕೂತವು. "ಅಯ್ಯೋ ನನ್ನವ್ವ, ಇದು ನನ್ ಅಳತೆ! ಈ ಸೊಸೆ ನನ್ ಮನೆಗೆ ಬರಬೇಕಾಗಿತ್ತು, ದಾರಿ ತಪ್ಪಿ ನಿನ್ ಮನೆಗೆ ಬಂದವ್ಳೆ" ಎಂದು ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಹೇಳಿದರು. ಅತ್ತೆಯ ಮುಖ ನೋಡಬೇಕಿತ್ತು. ಹೆಣ್ಣು ನೋಡಲು ಬಂದಾಗ ನನ್ನ ಬೆರಳು ಚುರುಕಾಗಿವೆಯೇ ಎಂದು ನೋಡಿದ್ದರೇ ಹೊರತು ಕೈಯ ಉದ್ದ ನೋಡಲು ಮರೆತಿದ್ದರು.

ನಗುವ ಮಾತಲ್ಲ ಇದು. ನಮ್ಮ ಕಡೆ ಕಟ್ಟಿದ ಹೂವನ್ನು ತೂಕ ಮಾಡಿ ಮಾರುವುದಿಲ್ಲ, ಮೊಳ ಹಾಕಿ ಮಾರುತ್ತಾರೆ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಮಾರುವವರ ಕೈಯೇ ಅಳತೆ. ಎಲ್ಲರ ಮೊಳಕ್ಕೂ ಒಂದೇ ರೇಟು, ಆದರೆ ಎಲ್ಲರ ಕೈಯೂ ಒಂದೇ ಉದ್ದವಲ್ಲವಲ್ಲ. ನಮ್ಮತ್ತೆ ಆಳೆತ್ತರದ ಹೆಂಗಸು, ಕೈಗಳಂತೂ ಇನ್ನೂ ಉದ್ದ. ಮಾರಿಕಣಿವೆಯ ಕಾಲುವೆಯಲ್ಲಿ ತೂಬು ಎತ್ತಿ ಇಳಿಸುವ ನೀರುಗಂಟಿಯಾಗಿದ್ದ ಅವರಪ್ಪನ ಕೈಗಳೂ ಹಾಗೇ ಇದ್ದುವಂತೆ. ಅವರ ಮೊಳ ಕೊಟ್ರಮ್ಮನ ಮೊಳಕ್ಕಿಂತ ಭರ್ತಿ ನಾಲ್ಕು ಬೆರಳು ಹೆಚ್ಚು. ಕೋಟೆಯ ಕಡೆ ದೇವಿಗೆ ಹೊರಟ ಹೆಂಗಸರೆಲ್ಲ ಮೊದಲು ಮೂರನೇ ಕಂಬಕ್ಕೆ ಬರುತ್ತಿದ್ದರು. ಕೊಟ್ರಮ್ಮನ ಹೊಟ್ಟೆ ಉರಿಯದೆ ಇನ್ನೇನಾದೀತು!

"ಹೂ ಮಾರ್ತೀಯೋ ಬಾವಿ ಹಗ್ಗ ಮಾರ್ತೀಯೋ?" ಎನ್ನುತ್ತಿದ್ದರು ಅವರು.

"ದೇವ್ರು ಕೊಟ್ಟ ಕೈ. ನಿನ್ ಹೊಟ್ಟೆಕಿಚ್ಚಿಗೆ ಕತ್ತರಿಸ್ಕಳ್ಲೇನು?" ಎನ್ನುತ್ತಿದ್ದರು ಅತ್ತೆ.

ದಿನಾ ಇದೇ. ಒಬ್ಬರು ಬಿಟ್ಟ ಮಾತನ್ನು ಇನ್ನೊಬ್ಬರು ನೆಲಕ್ಕೆ ಬೀಳಲು ಬಿಡುತ್ತಿರಲಿಲ್ಲ. ಆದರೆ ಬೋಣಿಗೆ ಮುಂಚೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ದಿನದ ಮೊದಲ ವ್ಯಾಪಾರ ಬೋಣಿ. ಅದಾಗುವ ಮುಂಚೆ ಆ ಮಾರ್ಕೆಟ್ಟಿನಲ್ಲಿ ಯಾರೂ ಕೆಟ್ಟ ಮಾತಾಡುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಬೈದವರಿಗೆ ಉತ್ತರವನ್ನೂ ಕೊಡುತ್ತಿರಲಿಲ್ಲ. ಬೋಣಿಯ ದುಡ್ಡನ್ನು ಕಣ್ಣಿಗೆ ಒತ್ತಿಕೊಂಡು ಬುಟ್ಟಿಗೆ ಮುಟ್ಟಿಸಿದ ಮೇಲೆ ಶುರು. ನನಗೆ ಮೊದಮೊದಲು ಇದು ಭಾರಿ ಮಜವಾಗಿ ಕಾಣುತ್ತಿತ್ತು. ಇಬ್ಬರೂ ಬಾಯಿ ಬಿಗಿಹಿಡಿದು, ಕಣ್ಣಲ್ಲೇ ಕೆಂಡ ಕಾರುತ್ತಾ, ಗಿರಾಕಿ ಬರಲೆಂದು ಕಾಯುತ್ತಿದ್ದರು.

ಬೋಣಿಗೆ ಇನ್ನೊಂದು ಬಲವೂ ಇತ್ತು. ಆ ಕಂಬಗಳ ಬುಡದ ಜಾಗ ಯಾರ ಹೆಸರಿನಲ್ಲೂ ಇರಲಿಲ್ಲ. ಪುರಸಭೆಯವರು ದಿನದ ಸುಂಕ ವಸೂಲಿಗೆ ಬರುತ್ತಿದ್ದರು, ಯಾರು ಕೂತಿದ್ದಾರೆ ಎಂಬ ಗೊಡವೆ ಅವರಿಗೆ ಬೇಕಿರಲಿಲ್ಲ. ಜಾಗದ ನ್ಯಾಯ ಮಾರ್ಕೆಟ್ಟಿನವರದೇ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಬೋಣಿ ಕಾಣದ ಜಾಗ ಬಿಟ್ಟ ಜಾಗ. ಅಲ್ಲಿ ಯಾರು ಬೇಕಾದರೂ ಗೋಣಿ ಹಾಸಬಹುದು, ಹಳಬರು ತಕರಾರು ಎತ್ತುವಂತಿಲ್ಲ. ಮೂರನೇ ಕಂಬದ ಮೇಲೆ ಕಣ್ಣಿಟ್ಟವರು ಒಬ್ಬಿಬ್ಬರಲ್ಲ. ಪ್ಲಾಸ್ಟಿಕ್ ಕೊಡ, ಬಕೆಟ್ಟು ಮಾರುತ್ತಿದ್ದ ಸಣ್ಣತಿಮ್ಮಪ್ಪ ಎಂಬಾತ ಹಿಂಬದಿಯ ಗೋಡೆ ಪಕ್ಕ ಕತ್ತಲಲ್ಲಿ ಕೂತು, "ಆ ಮೂಡಲ ಬಾಗ್ಲಾಗೆ ಒಂದು ಕಂಬ ಸಿಕ್ಕಿದ್ರೆ ಸಾಕಪ್ಪ" ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ.

ಅತ್ತೆಗೆ ಆ ಜಾಗ ಬಂದ ಕತೆಯನ್ನು ನಾನು ಹೂ ಕಟ್ಟಲು ಕಲಿಯುತ್ತಾ ಕೇಳಿದೆ. ಮಾವ ಹತ್ತಿಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದವರು, ಜ್ವರ ಬಂದು ಮೂರು ದಿನಕ್ಕೆ ತೀರಿಹೋದರು. ಅತ್ತೆಯ ಸೊಂಟದಲ್ಲಿ ನನ್ನ ಗಂಡ ಲಕ್ಷ್ಮೀಕಾಂತ್, ಆಗಿನ್ನೂ ಹಾಲು ಕುಡಿಯುವ ಕೂಸು. ತೌರಿಗೆ ಹೋಗಿ ಅಣ್ಣನ ಅನ್ನ ತಿನ್ನಲು ಮನಸ್ಸಾಗದೆ ಕೂಲಿ ಹುಡುಕಿಕೊಂಡು ಮಾರ್ಕೆಟ್ಟಿಗೆ ಬಂದಿದ್ದರು. ಮೂರನೇ ಕಂಬದಲ್ಲಿ ಆಗ ಈರಕ್ಕ ಎಂಬ ಮುದುಕಿ ನಿಂಬೆಹಣ್ಣು, ವೀಳ್ಯದೆಲೆ ಮಾರುತ್ತಿದ್ದಳು. ಹಿಂದೆ ಮುಂದೆ ಯಾರೂ ಇಲ್ಲದವಳು. ಅವಳು ಕೂಸನ್ನೂ ನೋಡಿದಳು, ತಾಯಿಯನ್ನೂ ನೋಡಿದಳು. "ನಂಗೆ ಇನ್ನು ಕುಂತ್ಕಳಾಕೆ ಆಗಲ್ಲ ಕಣವ್ವ. ಬಾ, ಇಲ್ಲಿ ಬೋಣಿ ಮಾಡು, ಜಾಗ ನಿಂದು" ಅಂದಳಂತೆ. ಹಿರಿಯೂರಿನ ಬಸ್ಸಿನಲ್ಲಿ ಬಂದಿಳಿದ ಸೇವಂತಿಗೆ ಒಂದಷ್ಟು ಕಡ ತಂದು, ಅಂಕುಡೊಂಕಾಗಿ ಕಟ್ಟಿಕೊಂಡು ಅತ್ತೆ ಕೂತರು. ಹೊಸಬಳೆಂದು ಒಂದು ನರಪಿಳ್ಳೆ ಹತ್ತಿರ ಬರಲಿಲ್ಲ. ಮಾಡಿನ ಗಾಜಿನಿಂದ ಇಳಿದ ಬಿಸಿಲು ಕಂಬದ ಬುಡಕ್ಕೆ ಬರುವುದರೊಳಗೆ ಬೋಣಿಯಾಗದಿದ್ದರೆ ಆ ದಿನ ಕೆಟ್ಟಂತೆ. ಬಿಸಿಲು ಕಂಬದ ಅರ್ಧಕ್ಕೆ ಇಳಿದಾಗ ಪಕ್ಕದ ಕಂಬದ ಕೊಟ್ರಮ್ಮ ಎದ್ದು ಬಂದರು. ಆಗ ಅವರೂ ಸಣ್ಣ ವಯಸ್ಸಿನವರೇ. "ಒಂದು ಮೊಳ ಹಾಕು" ಅಂದರು. ತಾವೇ ಹೂವಿನವರು, ಬುಟ್ಟಿ ತುಂಬ ಕನಕಾಂಬರ ಇಟ್ಟುಕೊಂಡವರು, ದುಡ್ಡು ಕೊಟ್ಟು ಹೂ ಕೊಂಡರು. ಅತ್ತೆ ತಮ್ಮ ಉದ್ದ ಕೈ ಚಾಚಿ ಅಳೆದದ್ದು ನೋಡಿ, "ಇದೇನಿದು, ಮೊಳವೋ ಮಾರೋ? ಹಿಂಗ್ ಕೊಟ್ರೆ ನಾವೆಲ್ಲ ಬಾಯಿಗೆ ಮಣ್ಣು ಹಾಕ್ಕಳಾದೇ" ಎಂದು ಅಲ್ಲಿಂದಲೇ ಜಗಳ ತೆಗೆದರಂತೆ. ಬೋಣಿಯೂ ಜಗಳವೂ ಒಂದೇ ದಿನ ಹುಟ್ಟಿದುವು.

ನಮ್ಮತ್ತೆಯನ್ನು ದೇವತೆ ಎಂದು ನಾನು ಹೇಳಲಾರೆ. ಜಂಬದ ಹೆಂಗಸು. ಗೊರಕೆ ಹೊಡೆದರೆ ಪಕ್ಕದ ಮನೆಯವರಿಗೂ ನಿದ್ದೆ ಇಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಮೂರು ದಿನ ಅದನ್ನೇ ಹೇಳುತ್ತಿದ್ದರು. ನನ್ನ ಬಾಯಿಯೂ ಹರಿತ, ನಾನೂ ಬಿಡುತ್ತಿರಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಬಾಳೆನಾರು ನೆನೆಸುವುದರಿಂದ ಹಿಡಿದು, ಮರುಗ ಎಲ್ಲಿ ಸೇರಿಸಬೇಕು, ಬಾಡಿದ ಹೂವನ್ನು ಗಿರಾಕಿಗೆ ಕೊಡದೆ ಹೇಗೆ ಬೇರೆ ಇಡಬೇಕು ಎಂಬುದರವರೆಗೆ ಕೈ ಹಿಡಿದು ಕಲಿಸಿದವರು ಅವರು. ಗಂಡ ಹಿರಿಯೂರಿನ ಲಾರಿ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಹೊಸ ಊರಿನಲ್ಲಿ ನಾನು ಮಂಕಾಗಿ ಕೂತಿದ್ದರೆ, "ಎದ್ದೇಳು, ಮಾರ್ಕೆಟ್ಟಿಗೆ ಹೋಗಾಣ. ಗೋಣಿ ಅರ್ಧ ನಿಂದು" ಎಂದು ಎಬ್ಬಿಸುತ್ತಿದ್ದರು. ಅಡುಗೆಮನೆಯ ಮೂಲೆ ಬಿಟ್ಟು ಬೇರೆ ಜಾಗ ನನಗೂ ಉಂಟು ಎಂದು ತೋರಿಸಿಕೊಟ್ಟವರು ಅವರೇ.

ತೊಂಬತ್ತೆಂಟರಲ್ಲಿ ನಾನು ಮೊದಲ ಹೆರಿಗೆಗೆ ತೌರಿಗೆ ಹೋದೆ. ಆಷಾಢದ ಜಿಟಿಜಿಟಿ ಮಳೆ. ಮೂಡಲ ಬಾಗಿಲ ಮೆಟ್ಟಿಲು ಕಾಲಾಂತರದಿಂದ ಸವೆದು ನುಣ್ಣಗಾಗಿತ್ತು. ಅತ್ತೆ ತಲೆಯ ಮೇಲಿನ ಬುಟ್ಟಿ ಉಳಿಸಿಕೊಳ್ಳಲು ಹೋಗಿ ಜಾರಿ ಬಿದ್ದರು. ಬುಟ್ಟಿಯೂ ಉಳಿಯಲಿಲ್ಲ, ಕೈಯೂ ಉಳಿಯಲಿಲ್ಲ. ಬಲಗೈ ಮಣಿಕಟ್ಟಿನ ಹತ್ತಿರ ಮುರಿದಿತ್ತು. ಆಸ್ಪತ್ರೆಯಲ್ಲಿ ಸಿಮೆಂಟು ಪಟ್ಟಿ ಹಾಕಿದರು. ಒಂದು ಲೋಟ ನೀರು ಕೊಡಲು ಮನೆಯಲ್ಲಿ ಯಾರೂ ಇಲ್ಲವೆಂದು ನನ್ನ ಗಂಡ ಅವರನ್ನು ಮಾರಿಕಣಿವೆಯಲ್ಲಿ ಅವರಣ್ಣ ಚಿತ್ತಯ್ಯನ ಮನೆಗೆ ಬಿಟ್ಟು ಬಂದರು. "ಕೊಟ್ರಮ್ಮಂಗೆ ಒಂದು ಮಾತು ಹೇಳಿ ಬರ್ಲೇನವ್ವ? ಜಾಗ ನೋಡ್ಕಂತಾರೆ" ಎಂದು ಅವರು ಕೇಳಿದರಂತೆ. ಅತ್ತೆ ಹಾಸಿಗೆಯಿಂದಲೇ ಗದರಿದರು: "ಅವಳ ಮುಂದೆ ಕೈ ಒಡ್ಡಾಕಿಂತ ಇನ್ನೊಂದು ಕೈನೂ ಮುರ್ಕಂತೀನಿ. ಸುಮ್ನಿರು."

ಜಂಬ ಎಂದೆನಲ್ಲ, ಇದೇ ಅದು. ತಾಳ್ಮೆಯಂತೂ ಮೊದಲೇ ಇಲ್ಲ. ಪಟ್ಟಿಯೊಳಗೆ ನವೆಯಾಗುತ್ತದೆಂದು, ಇರಬೇಕಾದಷ್ಟು ದಿನ ಇರಗೊಡದೆ, ಒಂದು ಮಧ್ಯಾಹ್ನ ಕಾಲುವೆಯ ನೀರಿನಲ್ಲಿ ಕೈ ನೆನೆಹಾಕಿ ಪಟ್ಟಿಯನ್ನು ತಾವೇ ಕಿತ್ತು ಹಾಕಿದರು. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಮುಂಗೈ ಒಳಕ್ಕೆ ಬಾಗಿ, ಬೆರಳು ಪೂರ್ತಿ ಚಾಚಲು ಬಾರದಾಯಿತು.

ಶ್ರಾವಣದಲ್ಲಿ ನನ್ನ ಮಗಳು ಸಹನಾ ಹುಟ್ಟಿದಳು. ದೀಪಾವಳಿ ಕಳೆದ ಮೇಲೆ ಕೂಸನ್ನು ಎತ್ತಿಕೊಂಡು ದುರ್ಗಕ್ಕೆ ಬಂದೆ, ಅತ್ತೆಯೂ ಬಂದರು. ಮೊಮ್ಮಗಳನ್ನು ನೋಡಿ ಹಿಗ್ಗಿದರು, ಎಡಗೈಯಲ್ಲೇ ಎತ್ತಿ ಆಡಿಸಿದರು. ಮಾರ್ಕೆಟ್ಟಿನ ಮಾತೆತ್ತಿದರೆ ಮಾತ್ರ ಗೋಡೆ ಕಡೆ ತಿರುಗುತ್ತಿದ್ದರು. ಒಂದು ದಿನ ನಾನು ನೀರು ತಂದು ಒಳಗೆ ಬಂದಾಗ, ಒಬ್ಬರೇ ಕೂತು ಬಾಳೆನಾರನ್ನು ಬಲಗೈ ಮೇಲೆ ಹಾಕಿ ಅಳೆಯುತ್ತಿದ್ದರು. ನನ್ನನ್ನು ಕಂಡು ನಾರನ್ನು ಸೆರಗಿನೊಳಗೆ ಅಡಗಿಸಿಕೊಂಡರು.

"ನನ್ ಮೊಳ ಹೋತು ಕಣೆ ಚೌಡಿ" ಅಂದರು. "ಎಡಗೈಯಾಗೆ ಅಳೆದ್ರೆ ಯಾರ್ ತಗಂತಾರೆ? ದೇವ್ರಿಗೆ ಮುಡಿಸೋ ಹೂವು."

"ಮೊಳ ಹೋದ್ರೆ ಏನಾತು? ನಾನಿಲ್ವಾ ಅಳೆಯಾಕೆ?"

"ಎಲ್ಲಿ ಕುಂತು ಅಳೀತೀಯ? ಎಷ್ಟು ಅಮಾಸೆ ಹೋದ್ವು ಲೆಕ್ಕ ಹಾಕು. ಗೌರಿಹಬ್ಬ ಹೋತು, ದಸರಾ ಹೋತು. ಈರಕ್ಕ ಕೊಟ್ಟ ಜಾಗ ನಾನು ಕಳದೆ. ಮನೆ ಬಾಗ್ಲಾಗೆ ಕಟ್ಟಿ ಮಾರಿದ್ರಾತು ಬಿಡು."

ಮನೆ ಬಾಗಿಲಲ್ಲಿ ಮಾರಲು ನಮ್ಮದೇನು ರಾಜಬೀದಿಯೇ? ಓಣಿಯ ಕೊನೆಯ ಮನೆ, ನಾಯಿ ಬಿಟ್ಟರೆ ಯಾರೂ ಬರುತ್ತಿರಲಿಲ್ಲ. ನನಗೆ ರೇಗಿಹೋಯಿತು. ರೇಗಿದ್ದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅಷ್ಟುದ್ದದ ಹೆಂಗಸು ಗೋಡೆಗೆ ಮುಖ ಮಾಡಿ ಕೂತರೆ ಚಿಕ್ಕದಾಗಿ ಕಾಣುತ್ತಿದ್ದರು. ಕಂಬ ಹೋದರೆ ಇವರು ಉಳಿಯುವುದಿಲ್ಲ ಅನ್ನಿಸಿತು. ನಾಲ್ಕು ದಿನ ಒಳ್ಳೆ ಮಾತಿನಲ್ಲಿ ಹೇಳಿದೆ. ಐದನೇ ದಿನ ಬೆಳಿಗ್ಗೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಸ್ತಿಲಲ್ಲಿ ನಿಂತು, "ನಾನು ಹೋಗ್ತೀನಿ. ಬಾಣಂತಿ ಒಬ್ಬಳೇ ಹೋದ್ಲು ಅಂತ ಜನ ಆಡ್ಕಂಡ್ರೆ ನಿಮ್ಮನ್ನೇ ಆಡ್ಕಳಾದು. ಬರ್ರಿ, ಸುಮ್ನೆ ನೋಡ್ಕಂಡು ಬರಾಣ. ಮಾರ್ಕೆಟ್ ನೋಡಾಕೆ ಯಾರಪ್ಪನ ಅಪ್ಪಣೆನೂ ಬೇಕಾಗಿಲ್ಲ" ಅಂದೆ. ಗೊಣಗುತ್ತಾ ಎದ್ದರು. ಸೊಟ್ಟ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು.

ಹೊರಗಿನವರು ಆ ಕಟ್ಟಡ ನೋಡಲು ಬಂದಂತೆ ಬಂದೆವು ಇಬ್ಬರೂ. ಕಲ್ಲಿನ ತೊಟ್ಟಿಯ ಹತ್ತಿರ ಅತ್ತೆ ನಿಂತುಬಿಟ್ಟರು. ಕಮಾನು ನೋಡಿದರು, ಮಾಡು ನೋಡಿದರು, ಜಾರಿ ಬಿದ್ದ ಮೆಟ್ಟಿಲು ನೋಡಿದರು. ಆಮೇಲೆ ನಿಧಾನಕ್ಕೆ ಕಣ್ಣು ಇಳಿಸಿ ಮೂರನೇ ಕಂಬ ನೋಡಿದರು.

ಕಂಬದ ಬುಡದಲ್ಲಿ ಕೊಟ್ರಮ್ಮ ಕೂತಿದ್ದರು. ನಮ್ಮದೇ ಗೋಣಿತಟ್ಟು, ಅತ್ತೆ ಬೆನ್ನು ಒರಗಿಸುತ್ತಿದ್ದ ನುಣುಪಿಗೆ ಅವರ ಬೆನ್ನು. ಅವರ ಹಳೇ ಕಂಬದ ಬುಡ ಖಾಲಿ ಇತ್ತು.

ಅತ್ತೆ ತಿರುಗಿ ಹೋಗುತ್ತಾರೆ ಎಂದುಕೊಂಡೆ. ಇಲ್ಲ, ನಾಲ್ಕು ತಿಂಗಳಿಂದ ಎಲ್ಲಿ ಅಡಗಿದ್ದಳೋ ಆ ಹಳೇ ಮಲ್ಲಕ್ಕ ಎದ್ದು ನಿಂತಳು. ಸೀರೆ ಎತ್ತಿ ಸಿಕ್ಕಿಸಿ ಹೋಗಿ ಎದುರಿಗೆ ನಿಂತು ಶುರು ಮಾಡಿದರು.

"ಕಾಯ್ತಾ ಇದ್ಯೇನೆ ಕೊಟ್ರಿ, ಯಾವಾಗ ನನ್ ಕೈ ಮುರಿಯುತ್ತೆ ಅಂತ? ಇಷ್ಟು ವರ್ಷ ಪಕ್ಕದಾಗೆ ಕುಂತು ನನ್ ಗೋಣಿ ಮ್ಯಾಗೆ ಕಣ್ಣಿಟ್ಟಿದ್ಯಾ? ನಿನ್ ಕಂಬ ಸಾಲ್ದೇ ಹೋತಾ ನಿಂಗೆ?"

ಸೊಪ್ಪಿನವರು ತಿರುಗಿ ನೋಡಿದರು. ಸಣ್ಣತಿಮ್ಮಪ್ಪ ಕೊಡಗಳ ಹಿಂದಿನಿಂದ ಕತ್ತು ಉದ್ದ ಮಾಡಿದ. ಕೊಟ್ರಮ್ಮ ಮಾತ್ರ ಒಂದು ಮಾತೂ ಆಡಲಿಲ್ಲ. ಎಲೆಅಡಿಕೆ ಕೂಡ ಅಗಿಯಲಿಲ್ಲ. ಒಂದು ಕೈ ಎತ್ತಿ, ತಡಿ ಎನ್ನುವಂತೆ ತೋರಿಸಿ, ಬಾಗಿಲ ಕಡೆ ನೋಡುತ್ತಾ ಕೂತರು. ಮಾತಿಗೆ ಮಾತು ಕೊಡದ ಕೊಟ್ರಮ್ಮನನ್ನು ನಾನು ಕಂಡದ್ದು ಅದೇ ಮೊದಲು. ಅದನ್ನು ತಪ್ಪಿತಸ್ಥೆಯ ಮೌನ ಎಂದುಕೊಂಡು ಅತ್ತೆ ಇನ್ನೂ ಏರಿದರು. ಈರಕ್ಕನ ಹೆಸರು ಹೇಳಿ ಬೈದರು, ಕೂಸು ಎದ್ದು ಅಳುವಷ್ಟು ಬೈದರು. ಕೋಪದಲ್ಲಿ ಅವರಿಗೆ ಬೋಣಿಯ ನೆನಪೇ ಇರಲಿಲ್ಲ. ನನಗೂ ಇರಲಿಲ್ಲ.

ಅಷ್ಟರಲ್ಲಿ ಕೈಯಲ್ಲಿ ಹಣ್ಣುಕಾಯಿ ಹಿಡಿದ ಹೆಂಗಸೊಬ್ಬರು ಬಂದು, "ಒಂದು ಮೊಳ ಸೇವಂತಿಗೆ ಕೊಡ್ರಿ" ಅಂದರು.

ಸೇವಂತಿಗೆ! ಕೊಟ್ರಮ್ಮ ಹುಟ್ಟಿದಾಗಿನಿಂದ ಕನಕಾಂಬರ, ಕಾಕಡ ಬಿಟ್ಟು ಬೇರೆ ಮಾರಿದವರಲ್ಲ. ಈಗ ಅವರ ಮುಂದಿನ ಬುಟ್ಟಿಯಲ್ಲಿ ಒಂದೇ ಒಂದು ಸೇವಂತಿಗೆ ಮಾಲೆ ಇತ್ತು. ಅದನ್ನು ಎತ್ತಿ, ತಮ್ಮ ಗಿಡ್ಡ ಕೈಯ ಮೊಣಕೈಯಿಂದ ಬೆರಳ ತುದಿಗೆ ಹಿಡಿದರು. ಕತ್ತರಿಸಲಿಲ್ಲ. ತುದಿಯಲ್ಲಿ ಇನ್ನೊಂದು ಕೈಯ ನಾಲ್ಕು ಬೆರಳು ಜೋಡಿಸಿ ಇಟ್ಟು, ಅದರಾಚೆಗೆ ಕತ್ತರಿಸಿದರು. ಬಾಳೆಎಲೆಯಲ್ಲಿ ಸುತ್ತಿ ಕೊಟ್ಟು, ದುಡ್ಡು ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡರು, ಕಂಬಕ್ಕೆ ಮುಟ್ಟಿಸಿದರು.

ಅತ್ತೆ ಆ ನಾಲ್ಕು ಬೆರಳನ್ನೇ ನೋಡುತ್ತಿದ್ದರು.

ಆಮೇಲೆ ಕೊಟ್ರಮ್ಮ ಎದ್ದು, ಸೀರೆ ಕೊಡವಿಕೊಂಡು, ಬಾಯಿ ಬಿಟ್ಟರು. "ಈಗ ಮಾತಾಡು! ಬೋಣಿಗೆ ಮುಂಚೆ ಬಾಯಿ ಹಾಕ್ತೀಯಲ್ಲೇ, ನೀನೊಬ್ಳು ಮಾರ್ಕೆಟ್ಟಿನೋಳಾ? ಅದೂ ನಿಂದೇ ಬೋಣಿಗೆ! ಎಲ್ಲಿ ಕೆಟ್ಟೋಗುತ್ತೋ ಅಂತ ಜೀವ ಕೈಯಾಗೆ ಹಿಡ್ಕಂಡು ಕುಂತಿದ್ದೆ. ನೀ ಬಿದ್ದ ಮಾರನೇ ದಿನದಿಂದ ಒಂದಿನ ತಪ್ಪಿಸಿಲ್ಲ. ದಿನಾ ಇಲ್ಲಿ ಒಂದು ಮೊಳ ಮಾರಿ, ಆಮ್ಯಾಲೆ ನನ್ ಕಂಬಕ್ಕೆ ಹೋಗ್ತೀನಿ. ಆ ತಿಮ್ಮಪ್ಪ ಕೊಡ ತಂದು ಇಟ್ಟಿದ್ದ ಇಲ್ಲಿ. ಬೋಣಿ ಆಗೈತೆ, ಎತ್ಕಂಡು ಹೋಗು ಅಂದೆ. ಕೇಳು ಬೇಕಾದ್ರೆ."

ಸಣ್ಣತಿಮ್ಮಪ್ಪನ ಕತ್ತು ಕೊಡಗಳ ಹಿಂದೆ ಮಾಯವಾಯಿತು.

ಅತ್ತೆ ಕೇಳಿದ್ದು ಇಷ್ಟೇ: "ನಾಲ್ಕು ಬೆರಳು ಯಾಕೆ ಹಾಕ್ದೆ?"

"ಹಾಕ್ದೆ ಇದ್ರೆ ಅದು ನಿನ್ ಬೋಣಿ ಹೆಂಗಾಗುತ್ತೆ? ನನ್ ಮೊಳ ಕೊಟ್ರೆ ಜಾಗ ನಂದಾಗಲ್ವೇನೆ? ನಿನ್ ಮೊಳ ಎಷ್ಟು ಅಂತ ನನಗಿಂತ ಚೆನ್ನಾಗಿ ಯಾರಿಗ್ ಗೊತ್ತು? ಇಷ್ಟು ವರ್ಷ ಅದಕ್ಕೇ ಅಲ್ವಾ ಹೊಟ್ಟೆ ಉರ್ಕಂಡಿದ್ದು!"

"ಕೊಟ್ರಿ..."

"ಏನ್ ಕೊಟ್ರಿ? ನಿನ್ ಮೊದ್ಲ ಬೋಣಿ ಮಾಡಿದ್ದು ನಾನು. ನಾನ್ ಬೋಣಿ ಮಾಡಿದ ಜಾಗ ಪ್ಲಾಸ್ಟಿಕ್ಕಿಗೆ ಹೋಗಾಕೆ ಬಿಟ್ಬಿಡ್ಲಾ? ಆ ಬೋಣಿ ದುಡ್ಡು ಮಾತ್ರ ಕೇಳಬ್ಯಾಡ. ದಿನಾ ಟೀ ಕುಡ್ದಿದೀನಿ."

ಅತ್ತೆ ಸೆರಗಿನೊಳಗಿಂದ ಸೊಟ್ಟ ಕೈ ತೆಗೆದು ತೋರಿಸಿದರು. ಅದನ್ನು ಅವರು ನನ್ನ ಗಂಡನಿಗೂ ಬಿಚ್ಚಿ ತೋರಿಸಿರಲಿಲ್ಲ. ತೋರಿಸಿ, ಮಾರ್ಕೆಟ್ಟಿನ ನಡುವೆ ಕೂಸಿನಂತೆ ಅತ್ತರು. ಕೊಟ್ರಮ್ಮ ಆ ಕೈ ಹಿಡಿದು ತಮ್ಮ ಕೈಗೆ ತಾಗಿಸಿ ನೋಡಿದರು. "ಈಗ ನನ್ನಷ್ಟೇ ಆತು ಬಿಡು. ಗಿಡ್ಡ ಕೈಯೋರ ಕಷ್ಟ ನಿಂಗೂ ಗೊತ್ತಾಗ್ಲಿ" ಎಂದು ನಗಲು ಹೋಗಿ ಅವರೂ ಅತ್ತರು. "ನಾಲ್ಕು ಬೆರಳು ಹಾಕು. ನಾ ಹಾಕ್ದಂಗೆ. ಬಾ, ಕುಂತ್ಕ" ಎಂದು ಗೋಣಿತಟ್ಟನ್ನು ಕೊಡವಿ ಹಾಸಿದರು. ಅತ್ತೆ ಕೂತು ಕಂಬಕ್ಕೆ ಒರಗಿದರು. ನಾನು ಕೂಸನ್ನು ಅವರ ತೊಡೆಯ ಮೇಲೆ ಇಟ್ಟು, ಯಾರೂ ಹೇಳದೇ ಇದ್ದರೂ, ಕಂಬಕ್ಕೆ ಇನ್ನೊಂದು ಸಲ ಕೈ ಮುಗಿದೆ. ಆಮೇಲೆ ಕೊಟ್ರಮ್ಮನ ಕಾಲು ಮುಟ್ಟಿದೆ.

ಅಂದಿನಿಂದ ಮೂರನೇ ಕಂಬದ ಮೊಳ ಎಂದರೆ ಮೊಳದ ಮೇಲೆ ನಾಲ್ಕು ಬೆರಳು. ಅತ್ತೆ ಹಾಗೇ ಮಾರಿದರು, ನಾನೂ ಹಾಗೇ ಮಾರುತ್ತೇನೆ. ಮರುದಿನದಿಂದ ಜಗಳವೂ ಎಂದಿನಂತೆ ನಡೆಯಿತು. ಬೋಣಿ ಆದ ಮೇಲೆ.

ಎರಡು ಸಾವಿರದ ಐದರ ಹೊತ್ತಿಗೆ ಅತ್ತೆಗೆ ಮಂಡಿ ನೋವು, ಮಾರ್ಕೆಟ್ಟಿಗೆ ಬರುವುದು ನಿಂತಿತು. ನಾನೊಬ್ಬಳೇ ಕೂರುತ್ತಿದ್ದೆ. ಆ ವರ್ಷ ಕೊಟ್ರಮ್ಮ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಹೊಳಲ್ಕೆರೆಯಲ್ಲಿ ಮಗಳ ಮನೆಯಲ್ಲಿ ಉಳಿದರು. ಹೋಗುವಾಗ ಜಾಗದ ಮಾತೇ ಎತ್ತಲಿಲ್ಲ. ಕೈ ಒಡ್ಡದವರಲ್ಲಿ ಅವರೂ ಒಬ್ಬರು.

ಮಾರನೇ ದಿನ ಬೆಳಿಗ್ಗೆ ನಾನು ಮೊದಲು ಅವರ ಕಂಬದ ಬುಡದಲ್ಲಿ ಗೋಣಿ ಹಾಸಿ ಕೂತೆ. ಮುಂದೆ ಒಂದೇ ಒಂದು ಕನಕಾಂಬರದ ಮಾಲೆ. ಒಂದು ಮೊಳ ಮಾರಿ, ಕಣ್ಣಿಗೊತ್ತಿಕೊಂಡು, ಎದ್ದು ನನ್ನ ಕಂಬಕ್ಕೆ ಬಂದೆ. ದಿನಾ ಹಾಗೇ ಮಾಡಿದೆ. ನಮ್ಮ ಹಳೇ ಗಿರಾಕಿಯೊಬ್ಬರು, "ಇದೇನಮ್ಮ, ಆ ಕಂಬದಾಗೆ ಉದ್ದ ಕೊಡ್ತಿ, ಈ ಕಂಬದಾಗೆ ಗಿಡ್ಡ?" ಎಂದು ಆಕ್ಷೇಪಣೆ ಮಾಡಿದರು. "ಇದು ಕೊಟ್ರಮ್ಮನ ಬೋಣಿ ಕಣ್ರಿ. ಇಷ್ಟೇ" ಅಂದೆ. ಸಂಜೆ ಮನೆಗೆ ಹೋದರೆ ಅತ್ತೆ ಮಂಚದಿಂದಲೇ ಕೇಳುತ್ತಿದ್ದರು, "ಕೊಟ್ರೀದು ಬೋಣಿ ಆತಾ?" ನಮ್ಮ ವ್ಯಾಪಾರದ ಮಾತು ಆಮೇಲೆ.

ಒಂದು ಬೆಳಿಗ್ಗೆ ಹಾಗೇ ಅವರ ಗೋಣಿಯ ಮೇಲೆ ಕೂತು ಮಾಲೆ ಅಳೆಯುತ್ತಿದ್ದೆ. ಕಲ್ಲಿನ ತೊಟ್ಟಿಯ ಹತ್ತಿರ, ಕಪ್ಪು ಕನ್ನಡಕ ಹಾಕಿಕೊಂಡು, ಒಂದು ಕೈಯಲ್ಲಿ ಬಟ್ಟೆಗಂಟು ಹಿಡಿದು ಕೊಟ್ರಮ್ಮ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕೂಗಲು ಹೋದೆ, ಅವರು ಕೈ ಎತ್ತಿ ತಡಿ ಎಂದು ತೋರಿಸಿದರು. ನಾನು ಮೊಣಕೈಯಿಂದ ಬೆರಳ ತುದಿಗೆ ಹಿಡಿದು, ಒಂದು ಬೆರಳೂ ಹೆಚ್ಚು ಹಾಕದೆ ಕತ್ತರಿಸಿದೆ. ಗಿರಾಕಿ ಹೋದರು. ದುಡ್ಡು ಕಣ್ಣಿಗೊತ್ತಿ ಕಂಬಕ್ಕೆ ಮುಟ್ಟಿಸಿದೆ.

ಕೊಟ್ರಮ್ಮ ನಿಧಾನಕ್ಕೆ ಬಂದು ನನ್ನ ಕೈ ಹಿಡಿದು, ಮೊದಲ ದಿನ ಹಿಡಿದಂತೆಯೇ ತಮ್ಮ ಕೈಗೆ ತಾಗಿಸಿದರು. ಮೊಣಕೈಗೆ ಮೊಣಕೈ, ತುದಿಗೆ ತುದಿ.

"ನಾ ಅವತ್ತೇ ಹೇಳಿರ್ಲಿಲ್ವಾ, ಇದು ನನ್ ಅಳತೆ ಅಂತ" ಅಂದರು.

ನಾನು ಎದ್ದು ಗೋಣಿ ಕೊಡವಿ ಹಾಸಿದೆ. ಅವರು ಕೂತರು.